ಬಂಗುಡೆ ಕಾರಿನ ತಾಯಿಮನೆ

ನನ್ನ ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಟ್ರಾಲಿಯನ್ನು ಅವಳ ಕೈಗೆ ಕೊಟ್ಟರೆ ಅದು ಟೊಮೆಟೊ ರಾಶಿಗೆ ನುಗ್ಗಿಯೇ ನಿಲ್ಲುವುದು. ಆದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಅಮೆರಿಕದ ಯಾವುದೋ ಹಳ್ಳಿಯ ಮಣ್ಣಿನ ಟ್ರ್ಯಾಕಿನಲ್ಲಿ ಓಡಿದ ರೇಸ್ ಕಾರೊಂದರ ಫೋಟೋ ತೋರಿಸಿ, ಇದು ಯಾರ ಮನೆಯದ್ದು, ಯಾರ ಕೈಯಲ್ಲಿ ಹುಟ್ಟಿತು, ಆಮೇಲೆ ಎಲ್ಲೆಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. ನಿಮ್ಮ ಗಂಜಿ ತಣ್ಣಗಾಗುತ್ತದೆ, ಮೀನು ಮುಗಿಯುತ್ತದೆ, ಉತ್ತರ ಮುಗಿಯುವುದಿಲ್ಲ. ಇಡೀ ಕತಾರಿನಲ್ಲಿ ಇಂಥ ಹೆಂಗಸು ಇನ್ನೊಬ್ಬಳಿದ್ದರೆ ನಾನು ಮೀಸೆ ಬೋಳಿಸುತ್ತೇನೆ.

ಅಕ್ಕ ದೋಹಾಕ್ಕೆ ಬಂದದ್ದು ಟೈಪಿಸ್ಟ್ ಆಗಿ. ವ್ಯಾಪಾರದ ಕಂಪನಿಯೊಂದರ ಆಫೀಸು, ವಯಸ್ಸಾದ ಕತಾರಿ ಯಜಮಾನರು. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತೇವೆ. ಇಲ್ಲಿ ಯಜಮಾನನಿಗೆ ಅದೇ ಹೆಸರು. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತು, ಎರಡು ಸಲವೂ ಅಲ್ಲೇ ಉಳಿದ ನನ್ನನ್ನು ಊರಿನಿಂದ ಕರೆಸಿ, ಅದೇ ಅರ್ಬಾಬರ ಗ್ಯಾರೇಜಿನಲ್ಲಿ ಡೆಂಟಿಂಗ್ ಪೇಂಟಿಂಗ್ ಕೆಲಸಕ್ಕೆ ಹಾಕಿಸಿದವಳು ಅಕ್ಕ. ನಾನು ಉಣ್ಣುವ ಅನ್ನ, ಮಲಗುವ ಮಂಚ, ತಲೆನೋವಿಗೆ ಹಚ್ಚುವ ಬಾಮು ಎಲ್ಲ ಅವಳದ್ದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿದ ಮೇಲೆ ನೀವು ಹೇಗೂ ಅದನ್ನೇ ಎತ್ತಿ ಆಡುತ್ತೀರಿ.

ಈ ಹುಚ್ಚು ಹಿಡಿದದ್ದು ಹೀಗೆ. ಅರ್ಬಾಬರಿಗೆ ಹಳೆಯ ಕಾರು ಸಂಗ್ರಹಿಸುವ ಶೋಕಿ. ಅಮೆರಿಕದಿಂದ ಒಮ್ಮೆ ಹಳೆಯ ರೇಸ್ ಕಾರೊಂದು ಹಡಗಿನಲ್ಲಿ ಬಂತು. ಒಬ್ಬನೇ ಕೂರುವಷ್ಟು ಜಾಗ, ಬಾಗಿಲಿಲ್ಲ, ಹೊರಗೆ ಚಾಚಿದ ಬ್ರೇಕಿನ ಹಿಡಿ, ಮೂತಿಯ ಮೇಲೆ ಚರ್ಮದ ಬೆಲ್ಟು. ಹಿಂಭಾಗ ಚೂಪಾಗುತ್ತ ಹೋಗಿ ಥೇಟ್ ಬಂಗುಡೆ ಮೀನಿನ ಬಾಲ. ಅಕ್ಕನ ಕೆಲಸ ಕಸ್ಟಮ್ಸ್ ಕಾಗದ ಟೈಪ್ ಮಾಡುವುದಷ್ಟೇ. ಅವಳು ಕಾಗದ ನೋಡಿದಳು, ಶೆಡ್ಡಿಗೆ ಹೋಗಿ ಕಾರು ನೋಡಿದಳು, ವಾಪಸು ಬಂದು ಅರ್ಬಾಬರ ಮುಂದೆ ನಿಂತಳು.

"ಸರ್, ಕಾಗದದಲ್ಲಿ ಇರುವುದು ಒಂದು ಕಾರು, ಶೆಡ್ಡಿನಲ್ಲಿ ಇರುವುದು ಇನ್ನೊಂದು."

ಅರ್ಬಾಬ್ ಚಹಾದ ಲೋಟ ಕೆಳಗಿಟ್ಟರು. "ನಿನಗೆ ಹೇಗೆ ಗೊತ್ತು?"

"ಮುಖ ಹೊಂದುವುದಿಲ್ಲ ಸರ್."

ಊರಿನಲ್ಲಿ ನಮ್ಮ ಅಜ್ಜಿ ಮದುವೆ ಹಾಲಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರೆ ಒಳಗೆ ಬರುವವರ ಮೂಗು ನೋಡಿಯೇ "ನೀನು ಇಂಥವಳ ಮೊಮ್ಮಗಳಲ್ವಾ, ನಿನ್ನ ಚಿಕ್ಕಮ್ಮನನ್ನು ಕಾಪುವಿಗೆ ಕೊಟ್ಟದ್ದಲ್ವಾ" ಎಂದು ನಾಲ್ಕು ತಲೆಮಾರು ಬಿಚ್ಚುತ್ತಿದ್ದಳು. ಅಜ್ಜಿಯ ಆ ವಿದ್ಯೆ ಅಕ್ಕನಿಗೆ ಬಂದಿತ್ತು. ಪಾಪ, ದೋಹಾದ ಫ್ಲಾಟಿನಲ್ಲಿ ಅದನ್ನು ಯಾರ ಮೇಲೆ ಪ್ರಯೋಗ ಮಾಡುವುದು? ಪಕ್ಕದ ಮನೆಯವರು ಫಿಲಿಪೈನ್ಸಿನವರು, ಮೇಲಿನವರು ಈಜಿಪ್ಟಿನವರು. ಯಾರ ಚಿಕ್ಕಮ್ಮನನ್ನೂ ಕಾಪುವಿಗೆ ಕೊಟ್ಟಿರಲಿಲ್ಲ. ತುಕ್ಕು ಹಿಡಿಯುತ್ತಿದ್ದ ವಿದ್ಯೆ ಆ ಕಾರಿನ ಮೇಲೆ ಬಿತ್ತು.

ಅರ್ಬಾಬ್ ನಕ್ಕು ಶೆಡ್ಡಿನ ಕೀಲಿ ಕೊಟ್ಟರು. "ಯಲ್ಲಾ, ಹಾಗಾದರೆ ಇದು ಯಾರೆಂದು ನೀನೇ ಹುಡುಕು." ಅಕ್ಕ ಆ ಕೀಲಿಯನ್ನು ಕತ್ತಿನ ಸರಕ್ಕೆ ಸೇರಿಸಿಕೊಂಡಳು. ಬೆಳಿಗ್ಗೆ ಫೈಲು, ಮಧ್ಯಾಹ್ನದ ಮೇಲೆ ಕಾರು. ಅವಳು ಆಫೀಸಿನಿಂದ ನಗುತ್ತ ಬರಲು ಶುರು ಮಾಡಿದ್ದು ಆಗಿನಿಂದ.

ಆ ಕಾಲದ ಅಮೆರಿಕದ ರೇಸ್ ಕಾರುಗಳು ಹೆಚ್ಚಿನವು ಕಾರ್ಖಾನೆಯಲ್ಲಿ ಹುಟ್ಟಿದವಲ್ಲವಂತೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬ ಮನುಷ್ಯ ಗುಜರಿಯಿಂದ ಹಳೆಯ ಕಾರಿನ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ತರುತ್ತಿದ್ದ. ಅದನ್ನು ಕೊಯ್ದು ಕಿರಿದು ಮಾಡಿ, ಭಾರ ಕಡಿಮೆಯಾಗಲು ಅಲ್ಲಲ್ಲಿ ತೂತು ಕೊರೆಯುತ್ತಿದ್ದ. ಮರಳು ತುಂಬಿದ ಚರ್ಮದ ಚೀಲದ ಮೇಲೆ ಅಲ್ಯೂಮಿನಿಯಂ ತಗಡಿಟ್ಟು, ಮರದ ಕೊಡತಿಯಲ್ಲಿ ಬಡಿದು ಬಡಿದು ಮೈ ಮಾಡುತ್ತಿದ್ದ. ಒಂದು ವರ್ಷ ಓಡಿಸಿದ ಮೇಲೆ ಮಾರುತ್ತಿದ್ದ. ಕೊಂಡವನು ಬೇರೆ ಬಣ್ಣ, ಬೇರೆ ನಂಬರು ಹಚ್ಚುತ್ತಿದ್ದ. ಇಂಜಿನ್ ಸುಟ್ಟರೆ ಇನ್ನೊಂದು, ಬಾಲ ಮುರಿದರೆ ಬೇರೆ ಕಾರಿನ ಬಾಲ. ಹೀಗೆ ಒಂದೇ ಕಾರಿಗೆ ಆರು ಹೆಸರು, ಒಂದೇ ಹೆಸರಿನ ಮೂರು ಕಾರು. ಇದರಲ್ಲಿ ಇದು ಅದೇ ಕಾರು ಎಂದು ಹೇಳುವುದು ಹೇಗೆ?

ಅಕ್ಕನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ನಮ್ಮ ತುಳುವರ ಕಡೆ ಅನೇಕರಲ್ಲಿ ಅಳಿಯಸಂತಾನ. ಬಳಿ ಎಂದರೆ ಕುಲ, ಅದು ಬರುವುದು ತಾಯಿಯಿಂದ.

"ಇಂಜಿನ್ ಅಂದ್ರೆ ಗಂಡ, ಮಾರಾಯ. ಬರ್ತಾನೆ, ಹೋಗ್ತಾನೆ. ಬಾಡಿ ಅಂದ್ರೆ ಸೀರೆ. ಬಣ್ಣ ಅಂದ್ರೆ ಕುಂಕುಮ. ಚಾಸಿ ಮಾತ್ರ ತಾಯಿ. ಬಳಿ ಹೋಗುವುದು ಚಾಸಿಯಿಂದ" ಎಂದು ಅವಳು ಊಟಕ್ಕೆ ಕೂತಾಗ ಘೋಷಿಸಿದಳು.

"ಹೂಂ" ಎಂದೆ ನಾನು. ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಕಂಬಳ ಓಡುತ್ತಿತ್ತು.

ಈ ಸಿದ್ಧಾಂತವನ್ನು ಅವಳು ಅಮೆರಿಕದ ಮುದುಕರಿಗೂ ವಿಡಿಯೋ ಕಾಲಿನಲ್ಲಿ ವಿವರಿಸಿದಳಂತೆ. ಹಳೆಯ ರೇಸ್ ಕಾರುಗಳ ಜಾಡು ಹಿಡಿಯುವವರ ಗುಂಪೊಂದು ಅಲ್ಲಿದೆ. ಅವರೂ ಚಾಸಿಯನ್ನೇ ಹಿಡಿಯುವುದಂತೆ. ಯಾಕೆಂದು ಮಾತ್ರ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ ಎಂದು ಅವರು ಮೆಚ್ಚಿಕೊಂಡರಂತೆ. ಅದರಲ್ಲೊಬ್ಬ ಮುದುಕ "ನನ್ನ ಹೆಂಡತಿಯೂ ಇದೇ ಮಾತು ಹೇಳುತ್ತಾಳೆ, ಕಾರಿನ ಬಗ್ಗೆ ಅಲ್ಲ" ಎಂದನಂತೆ.

ಊರಿನವರು ಯಾರಾದರೂ ಸಿಕ್ಕಿ "ನಿನಗೆ ಮದುವೆ ಯಾಕೆ ಆಗಲಿಲ್ಲ ಮಾರಾಯ್ತಿ" ಎಂದು ಕೇಳಿದರೂ ಅಕ್ಕ ಇದೇ ಶಾಸ್ತ್ರ ತೆಗೆಯುತ್ತಿದ್ದಳು. "ನನ್ನ ಚಾಸಿಗೆ ಕೂರುವ ಇಂಜಿನ್ ಸಿಗ್ಲಿಲ್ಲ" ಎಂದು ನಗುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮೂವರು ತಮ್ಮ ತಂಗಿಯರ ಭಾರ ಎಳೆಯುತ್ತಿದ್ದ ಚಾಸಿಗೆ ಇಂಜಿನ್ ಹುಡುಕಲು ಯಾರಿಗೂ ಪುರಸೊತ್ತು ಆಗಿರಲಿಲ್ಲ ಎಂಬುದು ನಗುವಾಗ ನೆನಪಾಗುವುದಿಲ್ಲ ನೋಡಿ.

ಡ್ರೈವಿಂಗ್ ಲೈಸೆನ್ಸಿಗೆ ಅವಳು ಪ್ರಯತ್ನಿಸಲಿಲ್ಲವೆಂದಲ್ಲ. ಅಮೆರಿಕದ ಆ ಟ್ರ್ಯಾಕುಗಳಲ್ಲಿ ಕಾರು ಯಾವಾಗಲೂ ಎಡಕ್ಕೇ ತಿರುಗುವುದು. ದೋಹಾದ ರೌಂಡ್ ಅಬೌಟಿನಲ್ಲೂ ಹಾಗೆಯೇ, ಎಡಕ್ಕೇ ಸುತ್ತುವುದು. ಪರೀಕ್ಷೆಯ ದಿನ ಅಕ್ಕ ರೌಂಡ್ ಅಬೌಟಿಗೆ ಇಳಿದಳು. ಒಂದು ಸುತ್ತು ಬಂದಳು. ಇನ್ನೊಂದು ಬಂದಳು. ಪಕ್ಕದಲ್ಲಿದ್ದ ಪರೀಕ್ಷಕಿ "ಎಕ್ಸಿಟ್, ಎಕ್ಸಿಟ್" ಎಂದು ಕೂಗಿದ ಹಾಗೆಲ್ಲ ಇವಳ ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿತಂತೆ.

"ಯಾಕೆ ಹೊರಗೆ ಬರ್ಲಿಲ್ಲ ಅಕ್ಕ?"

"ಆಗ ಗೊತ್ತಾಯ್ತು ನೋಡು, ಆ ರೇಸಿನವರು ಹಿಂದಿನ ಎಡಚಕ್ರ ಯಾಕೆ ಸಣ್ಣದು ಹಾಕ್ತಿದ್ರು ಅಂತ. ಕಾರು ತಾನಾಗಿ ಎಡಕ್ಕೆ ಎಳೀಲಿಕ್ಕೆ."

ಲೈಸೆನ್ಸ್ ಸಿಗಲಿಲ್ಲ. ಜ್ಞಾನ ಸಿಕ್ಕಿತು.

ನನಗೆ ಬಂದ ಒಂದು ಒಳ್ಳೆಯ ಸಂಬಂಧ ತಪ್ಪಿದ್ದೂ ಇದರಿಂದಲೇ. ಹುಡುಗಿಯ ಮನೆಯವರು ಇಲ್ಲೇ ದೋಹಾದ ಅಬು ಹಮೂರಿನಲ್ಲಿ, ಉಡುಪಿ ಕಡೆಯವರು. ಅಕ್ಕ ರೇಷ್ಮೆ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಹೋದಳು. ಎಲ್ಲ ಸುಸೂತ್ರ. ಬಳಿ ಕೇಳಿದರು, ಬೇರೆ ಬೇರೆ ಬಳಿ, ಅಡ್ಡಿಯಿಲ್ಲ. ಬೀಳ್ಕೊಡುವಾಗ ಹುಡುಗಿಯ ಅಪ್ಪ ಅಂಗಳದಲ್ಲಿದ್ದ ತಮ್ಮ ದೊಡ್ಡ ಕಾರನ್ನು ತಟ್ಟಿ, "ಸೆಕೆಂಡ್ ಹ್ಯಾಂಡ್, ಆದ್ರೆ ಒಂದು ಗೀರೂ ಬೀಳದ ಒರಿಜಿನಲ್" ಎಂದುಬಿಟ್ಟರು. ಒರಿಜಿನಲ್ ಎಂಬ ಶಬ್ದ ಕೇಳಿದರೆ ಅಕ್ಕನ ಮೈಮೇಲೆ ಬರುತ್ತದೆ. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ರೇಷ್ಮೆ ಸೀರೆ ಕಾರಿನಡಿ ಸೇರಿತ್ತು.

ಅಡಿಯಿಂದಲೇ ಧ್ವನಿ ಬಂತು: "ಎದುರಿನ ಅರ್ಧ ಒಂದು ಕಾರು, ಹಿಂದಿನ ಅರ್ಧ ಇನ್ನೊಂದು. ನಡುವೆ ಜೋಡಿಸಿದ್ದಾರೆ. ನಿಮಗೆ ಮೋಸ ಆಗಿದೆ."

ಆ ಮನುಷ್ಯರ ಮುಖ ನೋಡಬೇಕಿತ್ತು. ಮಗಳನ್ನು ಬೇಡವೆಂದಿದ್ದರೂ ಅವರು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಮನೆಗೆ ಬರುವ ಟ್ಯಾಕ್ಸಿಯಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. "ಬೇಜಾರು ಮಾಡ್ಬೇಡ. ನಾಳೆ ಆ ಕಾರು ನಡುವೆ ತುಂಡಾದ್ರೆ ಒಳಗೆ ನೀನೇ ಕೂತಿರ್ತಿದ್ದಿ" ಎಂದಳು ಅಕ್ಕ. ಆ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ.

ಇಷ್ಟು ಹೊತ್ತು ಅಕ್ಕನ ಮೇಲೆ ಹೇಳಿದೆ. ಇನ್ನು ನನ್ನ ಪಾಳಿ.

ಎರಡು ವರ್ಷ ಹುಡುಕಿ ಅಕ್ಕ ಬಂಗುಡೆ ಕಾರಿನ ಮೂಲ ಹಿಡಿದಳು. ಕಾಗದದಲ್ಲಿ ಹೆಸರಿದ್ದ ಕಾರು ಅದಲ್ಲ, ಅದಕ್ಕಿಂತ ಹಳೆಯದು, ಮೊದಲು ನೀಲಿ, ಆಮೇಲೆ ಬಿಳಿ, ಆಮೇಲೆ ಹಳದಿ ಬಣ್ಣದಲ್ಲಿ ಮೂರು ಕೈ ದಾಟಿ ಓಡಿದ್ದು ಎಂದು ಅವಳ ವಾದ. ಆದರೆ ಅರ್ಬಾಬರ ಸ್ನೇಹಿತರೊಬ್ಬರು, ಇದು ಇತ್ತೀಚೆಗೆ ಗುಜರಿ ಸಾಮಾನು ಕೂಡಿಸಿ ಮಾಡಿದ ನಕಲಿ, ಟೈಪಿಸ್ಟ್ ಹೆಂಗಸಿನ ಮಾತು ಕಟ್ಟಿಕೊಂಡು ನಗೆಪಾಟಲಾಗಬೇಡಿ ಎಂದು ಕಿವಿ ಕಚ್ಚಿದರು. ಅರ್ಬಾಬರಿಗೆ ಚುಚ್ಚಿತು. ಅಮೆರಿಕದಿಂದ ಪರೀಕ್ಷೆ ಮಾಡುವ ಒಬ್ಬ ಮುದುಕನನ್ನು ಕರೆಸಿದರು. ಅಕ್ಕನಿಗೆ ಹೇಳಿದರು: "ಅವನು ಹೌದು ಅಂದರೆ ಶೆಡ್ ನಿನ್ನದು. ಅಲ್ಲ ಅಂದರೆ ಖಲಾಸ್. ಕೀಲಿ ವಾಪಸ್, ಇಡೀ ದಿನ ಫೈಲ್."

ಆ ವಾರ ಅಕ್ಕ ಕತ್ತಿನ ಕೀಲಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು.

ಮುದುಕ ಬರುವ ಮೊದಲು ಕಾರನ್ನು ನಮ್ಮ ಗ್ಯಾರೇಜಿಗೆ ತಂದರು, ಒಂದು ಚಕ್ರದ ಟ್ಯೂಬ್ ಬದಲಿಸಲು. ಹಿಂದಿನ ರಾತ್ರಿಯ ಊಟದಲ್ಲಿ ಅಕ್ಕ ಅದರ ಬಗ್ಗೆಯೇ ಮಾತಾಡುತ್ತಿದ್ದಳು. ನಾನು ಬಂಗುಡೆ ಪುಳಿಮುಂಚಿ ತಿನ್ನುತ್ತ ಕಂಬಳದ ಫೈನಲ್ ನೋಡುತ್ತಿದ್ದೆ. "ಹೂಂ" ಎಂದೆ. "ಹೂಂ, ಹೂಂ" ಎಂದೆ. ಕೋಣಗಳು ಗೆದ್ದವು.

ಮಾರನೆ ದಿನ ಟ್ಯೂಬ್ ಹಾಕಿ ಕಾರಿನ ಸುತ್ತ ಒಮ್ಮೆ ಬಂದೆ. ಇಷ್ಟು ದೊಡ್ಡ ಮನುಷ್ಯ ವಿಮಾನ ಹತ್ತಿ ನೋಡಲು ಬರುವ ಕಾರು, ಅದರ ಅವಸ್ಥೆಯೇ? ಬಣ್ಣ ಪದರ ಪದರವಾಗಿ ಏಳುತ್ತಿತ್ತು. ಚಾಸಿಯ ಎಡಬದಿಯಲ್ಲಿ ಅಡ್ಡಾದಿಡ್ಡಿ ತೂತುಗಳು. ಅಕ್ಕ ಜೀವ ಇಟ್ಟ ಕಾರು ಹೀಗೆ ಹರಕು ಅಂಗಿಯಲ್ಲಿ ಪರೀಕ್ಷೆಗೆ ನಿಲ್ಲುವುದೇ? ನನಗೆ ಓದು ತಲೆಗೆ ಹತ್ತದಿರಬಹುದು, ಪೇಂಟಿಂಗ್ ಬರುತ್ತದೆ. ಅವಳಿಗೆ ಹೇಳದೆ ಮಾಡಿ ಖುಷಿ ಪಡಿಸೋಣ ಎಂದುಕೊಂಡೆ. ಶುಕ್ರವಾರದ ರಜೆಯನ್ನೂ ಸುರಿದೆ. ತೂತುಗಳನ್ನೆಲ್ಲ ವೆಲ್ಡ್ ಮಾಡಿ ಮುಚ್ಚಿದೆ. ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದೆ. ಹಳೆಯ ಬಣ್ಣವನ್ನು ತಗಡು ಹೊಳೆಯುವವರೆಗೆ ಉಜ್ಜಿ ತೆಗೆದೆ. ಪುಟ್ಟಿ, ಪ್ರೈಮರ್, ಮೇಲೆ ಕೆಂಪು. ಎಂಥ ಕೆಂಪು ಗೊತ್ತೇ? ನಿಮ್ಮ ಮುಖ ಕಾಣುವಂಥ ಕೆಂಪು.

ಆದರೆ ಚಾಸಿಯ ಒಳಬದಿಯನ್ನು ಮುಟ್ಟಲಿಲ್ಲ. ಅಡಿಯ ತಗಡು ಬಿಚ್ಚಬೇಕು, ಅಂಗಾತ ಮಲಗಬೇಕು. ಒಳಗೆ ಯಾರು ನೋಡುತ್ತಾರೆ? ಇದು ನಮ್ಮ ಗ್ಯಾರೇಜಿನ ಗಾಯತ್ರಿ ಮಂತ್ರ. ಹೊರಗೆ ಕನ್ನಡಿಯಂತಿರಬೇಕು, ಒಳಗೆ ಯಾರು ನೋಡುತ್ತಾರೆ?

ಶನಿವಾರ ಅಕ್ಕ ಡಬ್ಬಿಯಲ್ಲಿ ಊಟ ಹಿಡಿದುಕೊಂಡು ಗ್ಯಾರೇಜಿಗೆ ಬಂದಳು. ನಾನು ಹೊದೆಸಿದ್ದ ಬಟ್ಟೆಯನ್ನು ಮದುಮಗಳ ಸೆರಗು ತೆಗೆದ ಹಾಗೆ ತೆಗೆದೆ. ಅಕ್ಕ ನೋಡಿದಳು. ಒಂದು ಹಳೆಯ ಟಯರಿನ ಮೇಲೆ ಕೂತಳು. ಊಟದ ಡಬ್ಬಿ ಮಡಿಲಲ್ಲಿತ್ತು.

"ಚೆಂದ ಉಂಟು" ಎಂದಳು.

ಅಷ್ಟೇ. ಮಾತೇ ನಿಲ್ಲದ ಹೆಂಗಸು ಎರಡೇ ಶಬ್ದ ಹೇಳಿದರೆ ಯಾರಿಗಾದರೂ ಭಯವಾಗುತ್ತದೆ.

"ಎಂತ ಅಕ್ಕ? ಬಣ್ಣ ಸರಿ ಇಲ್ವಾ?"

ಮೆಲ್ಲನೆ ಹೇಳಿದಳು. ಆ ತೂತುಗಳು ಭಾರ ಇಳಿಸಲು ಕೊರೆದವಲ್ಲ, ಇಂಜಿನ್ ಕೂರಿಸಿದ ಜಾಗಗಳು. ಮುಂದಿನ ನಾಲ್ಕು ಮೊದಲನೇ ಇಂಜಿನಿನದ್ದು, ಹಿಂದಿನ ಎರಡು ಆಮೇಲಿನದ್ದು. ಹಳೆಯ ಫೋಟೋಗಳಿಗೆ ಹೊಂದುತ್ತಿದ್ದದ್ದು ಅವು. ಏಳುತ್ತಿದ್ದ ಬಣ್ಣದ ಪದರಗಳೇ ಮೂರು ಮನೆಗಳ ಗುರುತು. ನಾನು ಅಳಿಸಿದ್ದು ಕಾರಿನ ಬಳಿಯನ್ನೇ.

ಆಗ ನಾನೇನು ಮಾಡಬೇಕಿತ್ತು? ಕಾಲಿಗೆ ಬೀಳಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಇದು: "ನೀನು ಮುಟ್ಟಬೇಡ ಅಂತ ಹೇಳ್ಲಿಲ್ವಲ್ಲ."

ಹೇಳಿದ್ದಳು. ಪುಳಿಮುಂಚಿ ಬಡಿಸುತ್ತ ಹೇಳಿದ್ದಳು: ಧೂಳು ಸಹ ಒರೆಸಬೇಡ, ಎಡಬದಿಯ ತೂತು ಮುಟ್ಟಲೇಬೇಡ. ಹೂಂ ಎಂದವನು ನಾನು. ಅವಳು ಬಾಯಿ ತೆರೆದ ಕೂಡಲೇ ನನಗೆ ನೆನಪಾಗಿತ್ತು. ಆದರೂ ಹಾಗೆಂದೆ.

ಅಕ್ಕ ನನ್ನನ್ನು ನೋಡಿದಳು. "ಹೇಳ್ಲಿಲ್ವಾ? ಮರೆತೆನೋ ಏನೋ. ತಲೆ ಸರಿ ಇಲ್ಲ ಈಗೀಗ" ಎಂದಳು. ಡಬ್ಬಿ ಬಿಚ್ಚಿದಳು. "ಊಟ ಮಾಡು, ತಣ್ಣಗಾಗ್ತದೆ."

ಆ ಅನ್ನವನ್ನು ಹೇಗೆ ನುಂಗಿದೆನೋ ನನಗೇ ಗೊತ್ತು.

ಅಮೆರಿಕದ ಮುದುಕ ಬಂದ. ಉದ್ದದ ಮನುಷ್ಯ, ಪ್ಯಾಂಟಿಗೆ ಹೆಗಲ ಮೇಲಿಂದ ಪಟ್ಟಿ, ಕಿಸೆಯಲ್ಲಿ ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ. ಕಾರಿನ ಸುತ್ತ ಒಮ್ಮೆ ನಡೆದ. "ಬಹಳ ಚೆಂದದ ಬಣ್ಣ" ಎಂದ. ಅಕ್ಕ ಅದನ್ನು ನನಗೆ ತುಳುವಿನಲ್ಲಿ ಹೇಳಿದಾಗ ಒಂದು ಕ್ಷಣ ಎದೆ ಉಬ್ಬಿತು. "ಬೆಂಕಿ ಆರಿಸುವ ಗಾಡಿಗೆ" ಎಂದು ಅವನು ಮಾತು ಮುಗಿಸಿದ.

ಅರ್ಬಾಬರ ಹುಬ್ಬು ಗಂಟಾಯಿತು. "ಯಾರು ಹೇಳಿದರು ಪೇಂಟ್ ಮಾಡಲು?"

ನಾನು ಅವರ ಹಿಂದೆಯೇ ನಿಂತಿದ್ದೆ. ಬಾಯಿ ಇತ್ತು, ನಾಲಗೆ ಇತ್ತು.

"ನಾನು ಸರ್. ನಾನೇ ಹೇಳಿ ಮಾಡಿಸಿದ್ದು" ಎಂದಳು ಅಕ್ಕ. ಹೇಳುತ್ತ ಕತ್ತಿನ ಸರದಿಂದ ಕೀಲಿಯನ್ನು ಬಿಚ್ಚತೊಡಗಿದಳು. ಕೊಂಡಿ ಬಿಗಿಯಾಗಿತ್ತು, ಬೇಗ ಬಿಚ್ಚಲಿಲ್ಲ.

ಆ ಕೊಂಡಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಅಷ್ಟರಲ್ಲಿ ಮುದುಕ ಕಾರಿನ ಅಡಿಯ ತಗಡು ಬಿಚ್ಚಲು ಹೇಳಿದ. ನಾನು ಅಂಗಾತ ಮಲಗಿ ಸ್ಕ್ರೂ ತೆಗೆಯುತ್ತ ಊರಿನ ದೈವಗಳನ್ನೆಲ್ಲ ನೆನೆದೆ. ಒಳಗೆ ಏನಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಸಾಣೆ ಹಿಡಿಯದ ನನ್ನ ಕಳ್ಳ ಕೆಲಸ! ಅಕ್ಕನ ಮಾನದ ಜೊತೆ ನನ್ನದೂ ಹೋಗುತ್ತದೆ ಎಂದು ಗಟ್ಟಿಯಾಯಿತು.

ಮುದುಕ ನೆಲದ ಮೇಲೆ ಮಲಗಿ ಕನ್ನಡಿ ಒಳಗೆ ತೂರಿಸಿದ. ಆಮೇಲೆ ಕಾರಿನಡಿಯಿಂದ ನಗು ಕೇಳಿಸಿತು. ಅವನು ಅಕ್ಕನನ್ನು ಕರೆದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಆ ಬದಿಯಿಂದ ನುಗ್ಗಿದಳು. ಹೊರಗೆ ಕಾಣುತ್ತಿದ್ದದ್ದು ಒಂದು ಜೊತೆ ಬೂಟು, ಒಂದು ಜೊತೆ ಹವಾಯಿ ಚಪ್ಪಲಿ. ಒಳಗಿಂದ ಇಬ್ಬರ ಮಾತು, ಪಕ್ಕದ ಮನೆಯವರು ಬೇಲಿಯ ಹತ್ತಿರ ನಿಂತು ಆಡಿದ ಹಾಗೆ.

ಒಳಗಿದ್ದದ್ದು ಇಷ್ಟು. ಹೊರಗಿನಿಂದ ಮುಚ್ಚಿದ ಒಂದೊಂದು ತೂತಿನ ಹಿಂದೆಯೂ ನನ್ನ ವೆಲ್ಡಿಂಗ್ ಕರಗಿ ಕಡಲೆಕಾಳಿನಂತೆ ಗಡ್ಡೆ ಕಟ್ಟಿತ್ತು. ಮುಂದೆ ನಾಲ್ಕು, ಹಿಂದೆ ಎರಡು, ಎಲ್ಲಿ ತೂತಿತ್ತೋ ಅಲ್ಲೇ. ಸುಟ್ಟ ಕಲೆಗಳ ಆಚೆ, ನನ್ನ ಸ್ಯಾಂಡ್ ಪೇಪರ್ ಮುಟ್ಟದ ಆ ಕತ್ತಲಲ್ಲಿ ನೀಲಿ, ಅದರ ಮೇಲೆ ಬಿಳಿ, ಅದರ ಮೇಲೆ ಹಳದಿ ಒಂದಿಷ್ಟೂ ಕದಲದೆ ಕೂತಿದ್ದವು.

ಮುದುಕ ಎದ್ದು ಬಂದು ಅರ್ಬಾಬರ ಕೈ ಕುಲುಕಿ, ಈ ಹೆಂಗಸು ಹೇಳಿದ್ದು ಸರಿ ಎಂದ. ಆಮೇಲೆ ಕೇಳಿದ: "ಈ ವೆಲ್ಡಿಂಗ್ ಮಾಡಿದವರು ಯಾರು?"

ನಾನು ಕೈ ಎತ್ತಿದೆ.

"ನಾನು ನೋಡಿದ್ದರಲ್ಲಿ ಅತ್ಯಂತ ಕೆಟ್ಟ ವೆಲ್ಡಿಂಗ್ ಇದು. ನಿನಗೆ ಕೆಲಸ ಸರಿಯಾಗಿ ಬರುತ್ತಿದ್ದರೆ ಈ ಕಾರು ಸತ್ತೇಹೋಗುತ್ತಿತ್ತು" ಎಂದು ನನ್ನ ಬೆನ್ನು ತಟ್ಟಿದ.

ಅರ್ಬಾಬ್ ಅಕ್ಕನಿಗೆ ಕೈ ಅಡ್ಡ ಮಾಡಿ, ಕೀಲಿ ಅಲ್ಲೇ ಇರಲಿ ಎಂಬಂತೆ ಸನ್ನೆ ಮಾಡಿದರು. ನನ್ನ ಕಡೆ ತಿರುಗಿ ಬೆರಳು ಅಲ್ಲಾಡಿಸಿದರು. "ನೀನು ಮಾಫಿ ಪೇಂಟ್. ಈ ಶೆಡ್ಡಿನ ಹತ್ತಿರ ಮಾಫಿ." ಇಲ್ಲಿನ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ, ಕ್ಷಮೆಯಲ್ಲ.

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಹೆಚ್ಚು ನಕ್ಕಳು. ತಪ್ಪು ಮಾತ್ರ ಅವಳ ಹೆಸರಿನಲ್ಲೇ ಉಳಿಯಿತು. ನಾನು ಆಗಲೂ ಬಾಯಿ ಬಿಡಲಿಲ್ಲ.

ಮನೆಗೆ ಬಂದ ಮೇಲೆ, ಅವಳು ಗಂಜಿ ಬಡಿಸುವಾಗ ಹೇಳಿದೆ. "ಅಕ್ಕ, ನೀನು ಹೇಳಿದ್ದಿ. ಮುಟ್ಟಬೇಡ ಅಂತ ಹೇಳಿದ್ದಿ. ನಾನು ಕೇಳಿಸ್ಕೊಳ್ಳಲಿಲ್ಲ."

"ಗೊತ್ತುಂಟು."

"ಗೊತ್ತುಂಟಾ? ಮತ್ತೆ ಮರೆತೆ ಅಂದಿ?"

"ನೀನು ಕೇಳುವ ಹೂಂ ಬೇರೆ, ಕೇಳದ ಹೂಂ ಬೇರೆ. ನನಗೆ ಗೊತ್ತಾಗುದಿಲ್ವಾ? ಎರಡು ವರ್ಷದಿಂದ ನೀನು ಒಂದು ಮಾತೂ ಕೇಳ್ಲಿಲ್ಲ." ಅವಳ ದನಿಯಲ್ಲಿ ದೂರು ಇರಲಿಲ್ಲ. ಉಪ್ಪಿನಕಾಯಿ ಬೇಕಾ ಎಂದು ಕೇಳಿದಂತಿತ್ತು.

"ಮತ್ತೆ ಯಾಕೆ ದಿನಾ ಹೇಳ್ತಿದ್ದದ್ದು?"

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟಳು. "ನೀನು ಬರುವ ಮೊದಲು ನಾನು ಇಲ್ಲಿ ಎಷ್ಟು ವರ್ಷ ಒಬ್ಬಳೇ ಇದ್ದೆ ಮಾರಾಯ. ಮನೆಯೊಳಗೆ ತುಳುವಿನಲ್ಲಿ ಹೂಂ ಅನ್ನುವವ ಒಬ್ಬ ಇದ್ದಾನಲ್ಲ, ಅಷ್ಟು ಸಾಕಿತ್ತು ನನಗೆ."

ಫೋನಿನಲ್ಲಿ ಯಾವುದೋ ಕಂಬಳ ಓಡುತ್ತಿತ್ತು. ಅದನ್ನು ಬೋರಲು ಮಾಡಿ ಇಟ್ಟೆ. ಶೆಡ್ಡಿಗೆ ಬರುವ ತಿಂಗಳು ಇನ್ನೊಂದು ಹಳೆಯ ಕಾರು ಬರುತ್ತದೆ ಎಂದು ಬೆಳಿಗ್ಗೆ ಅವಳು ಯಾರಿಗೋ ಹೇಳುತ್ತಿದ್ದದ್ದು ನೆನಪಾಯಿತು.

"ಅಕ್ಕ, ಆ ಹೊಸತಾಗಿ ಬರುವುದು ಉಂಟಲ್ಲ, ಅದರ ತಾಯಿಮನೆ ಎಲ್ಲಿ?"

ಅಕ್ಕ ನನ್ನ ಬಟ್ಟಲಿಗೆ ಮತ್ತೊಂದು ಸೌಟು ಗಂಜಿ ಹಾಕಿ, ಎದುರಿನ ಕುರ್ಚಿ ಎಳೆದು ಕೂತಳು. ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು ಶುರು ಮಾಡಿದಳು. ಗಂಜಿ ತಣ್ಣಗಾಯಿತು. ಮೀನು ಹಾಗೆಯೇ ಉಳಿಯಿತು.